ಕಾಲು ಹಿಡಿಯುವ ಕೆಲಸ

ನಾನು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳಲು ಹೊರಟರೆ ಮರ್ಯಾದೆ ಹೋಗುತ್ತದೆ. ‘ಜನರ ಕಾಲು ಹಿಡಿಯುತ್ತೇನೆ’ ಎಂದರೆ ಇವಳಿಗೆ ಯಾರಿಂದ ಏನು ಕೆಲಸ ಆಗಬೇಕಾಗಿದೆಯೋ ಎಂಬಂತೆ ನೋಡುತ್ತಾರೆ. ‘ಕಾಲು ಒತ್ತುತ್ತೇನೆ’ ಎಂದರೆ, ಅಷ್ಟು ವರ್ಷ ಆಫೀಸಿನಲ್ಲಿ ದುಡಿದ ಹೆಂಗಸಿಗೆ ಈ ವಯಸ್ಸಿನಲ್ಲಿ ಇದೆಂಥ ಗತಿ ಎಂದು ಮರುಗುತ್ತಾರೆ. ‘ರಿಫ್ಲೆಕ್ಸಾಲಜಿ’ ಎಂದರೆ ಮುಂಬಯಿಯ ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಹಿರಿಯರು, ‘ಎಕ್ಸ್‌ರೇ ತರಹದ್ದಾ?’ ಎಂದು ಕೇಳುತ್ತಾರೆ. ಅವರಿಗೆ ಐದು ಸಲ ಬಿಡಿಸಿ ಹೇಳಿದ್ದೇನೆ. ಆರನೆಯ ಸಲ ಲಿಫ್ಟಿನಲ್ಲಿ ಸಿಕ್ಕಿ ಅದನ್ನೇ ಕೇಳಿದಾಗ, ಹೌದು, ಎಕ್ಸ್‌ರೇ ತರಹದ್ದೇ ಎಂದುಬಿಟ್ಟೆ. ಅವರಿಗೆ ಬಹಳ ಸಮಾಧಾನವಾಯಿತು.

ನನ್ನ ಗಂಡನಿಗೆ ಇದೊಂದು ಮುಗಿಯದ ತಮಾಷೆ. ‘ಸರ್ವಿಸಿನಲ್ಲಿ ಇದ್ದಾಗ ಒಬ್ಬ ಮ್ಯಾನೇಜರನ ಕಾಲೂ ಹಿಡಿಯಲಿಲ್ಲ. ಹಿಡಿದಿದ್ದರೆ ಪ್ರಮೋಶನ್ ಆದರೂ ಸಿಗ್ತಿತ್ತು. ಈಗ ರಿಟೈರ್ ಆದ ಮೇಲೆ ಕಂಡಕಂಡವರ ಕಾಲು ಹಿಡೀತಾ ಇದ್ದಾಳೆ’ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಮೊದಲ ಸಲ ನಾನೂ ನಕ್ಕಿದ್ದೆ. ಈಗ ಅವರು ಬಾಯಿ ತೆರೆಯುವ ಮುಂಚೆಯೇ ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಇದನ್ನು ನಾನು ಕಲಿತದ್ದು ಅಮ್ಮನಿಂದಾಗಿ. ಅಮ್ಮ ಕೊನೆಯ ವರ್ಷ ನಮ್ಮಲ್ಲೇ ಇದ್ದಳು. ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ಒಬ್ಬ ಮಲಯಾಳಿ ನರ್ಸ್ ಮಧ್ಯಾಹ್ನದ ಹೊತ್ತು ಅಮ್ಮನ ಪಾದ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಕೂರುತ್ತಿದ್ದಳು. ಅರ್ಧ ಗಂಟೆಯಲ್ಲಿ ಅಮ್ಮನಿಗೆ ನಿದ್ದೆ ಹತ್ತುತ್ತಿತ್ತು. ಕಾಯಿಲೆ ಒಂದಿಷ್ಟೂ ಕಡಿಮೆಯಾಗಲಿಲ್ಲ, ಅಮ್ಮ ಉಳಿಯಲೂ ಇಲ್ಲ. ಆದರೆ ನಿದ್ದೆ ಬಂತು. ಅದಕ್ಕೇ ನಾನು ರಿಟೈರ್ ಆದ ಮೇಲೆ ಗೋರೆಗಾಂವ್‌ನ ಒಂದು ಕ್ಲಾಸಿಗೆ ಸೇರಿ, ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಪಾದ ಮುಂದಿಟ್ಟುಕೊಂಡು, ಮಗನಿಗಿಂತ ಚಿಕ್ಕ ವಯಸ್ಸಿನ ಹುಡುಗಿಯರ ನಡುವೆ ಕೂತು ಪರೀಕ್ಷೆ ಬರೆದೆ. ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ನನಗೆ ಪುಸ್ತಕ ಓದುವ ಮುಂಚೆಯೇ ಗೊತ್ತಿತ್ತು. ಮೈ ಸಡಿಲವಾಗುತ್ತದೆ, ಮನಸ್ಸು ಹಗುರವಾಗುತ್ತದೆ, ಹಲವರಿಗೆ ನಿದ್ದೆ ಬರುತ್ತದೆ. ಅಷ್ಟೆ. ಆ ‘ಅಷ್ಟೆ’ಯನ್ನು ಜನರ ತಲೆಗೆ ಹಾಕುವುದರಲ್ಲಿ ನನ್ನ ಗಂಟಲು ಹರಿದುಹೋಗಿದೆ.

ಅದಕ್ಕೂ ಮೊದಲು, ನಮ್ಮವರ ಕಾಲು ಕೈಗೆ ಸಿಗಬೇಕಲ್ಲ! ಕಾಲಿನವರು ನನಗಿಂತ ಹಿರಿಯರಾದರೆ, ನಾನು ಪಾದ ಮುಟ್ಟಿದ ಕೂಡಲೇ ಅವರ ಬಲಗೈ ತನ್ನಷ್ಟಕ್ಕೆ ನನ್ನ ತಲೆಯ ಮೇಲೆ ಬರುತ್ತದೆ. ‘ಒಳ್ಳೇದಾಗ್ಲಿ ಮಗಾ.’ ಹಾಗೆ ಮುಂದಕ್ಕೆ ಬಗ್ಗಬೇಡಿ, ಹಿಂದಕ್ಕೆ ಒರಗಿ ಎಂದು ಹೇಳಿ ಕೂರಿಸುತ್ತೇನೆ. ಎರಡನೆಯ ಪಾದ ಹಿಡಿದಾಗ ಮತ್ತೆ ಬಗ್ಗುತ್ತಾರೆ, ಮತ್ತೆ ಆಶೀರ್ವಾದ. ಒಬ್ಬರು ಅಜ್ಜಿ ಬೆರಳಿಗೊಂದರಂತೆ ನನಗೆ ಹತ್ತು ಮೊಮ್ಮಕ್ಕಳನ್ನು ಹರಸಿದರು. ನನಗಿರುವುದು ಒಬ್ಬನೇ ಮಗ, ಅವನಿಗೆ ಮದುವೆಯೇ ಬೇಡವಂತೆ.

ಕಿರಿಯರಾದರೆ ಕಷ್ಟ ಇನ್ನೂ ಹೆಚ್ಚು. ನಮ್ಮ ಸೊಸೈಟಿಯ ವಾಚ್‌ಮನ್‌ನ ಹೆಂಡತಿ ವಿಜಯಪುರದ ಕಡೆಯವಳು, ದಿನವಿಡೀ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾಳೆ. ಒಂದು ಭಾನುವಾರ ಅವಳನ್ನು ಕರೆದು ಕೂರಿಸಿ ಕಾಲು ಚಾಚು ಎಂದರೆ ಸೀರೆಯೊಳಗೆ ಪಾದ ಎಳೆದುಕೊಂಡಳು.

‘ಬ್ಯಾಡ್ರೀ ಅಕ್ಕಾರ, ನೀವು ದೊಡ್ಡಾಕಿ ಅದೀರಿ. ನನ್ ಕಾಲ್ ಮುಟ್ಟಿದ್ರ ಪಾಪ ಯಾರಿಗ್ ಹತ್ತತೈತ್ರಿ?’

‘ನನಗೇ ಹತ್ತಲಿ. ನೀನು ಸುಮ್ಮನೆ ಕೂರು.’

‘ನಿಮಗ್ ಹೆಂಗ್ ಹತ್ತತೈತ್ರಿ? ಮುಟ್ಟಿಸ್ಕೊಂಡಾಕಿಗೇ ಹತ್ತೂದು!’

ಕೊನೆಗೂ ಒಪ್ಪಿದಳು. ಮುಗಿದ ಮೇಲೆ ಎದ್ದು ನನ್ನ ಕಾಲಿಗೆ ಮೂರು ಸಲ ಬಿದ್ದಳು. ಎಡಗಾಲಿನ ಲೆಕ್ಕಕ್ಕೆ ಒಂದು, ಬಲಗಾಲಿನ ಲೆಕ್ಕಕ್ಕೆ ಒಂದು, ಮೇಲೊಂದು. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಹೀಗೆಯೇ. ನಾನು ಅವರ ಕಾಲು ಮುಟ್ಟಿ, ಅವರು ನನ್ನ ಕಾಲು ಮುಟ್ಟಿ, ನಾನು ‘ಇರಲಿ ಇರಲಿ’ ಎಂದು ಎಬ್ಬಿಸಿ, ಅಷ್ಟರಲ್ಲಿ ಸಡಿಲವಾದ ಮೈಯೆಲ್ಲ ಮತ್ತೆ ಬಿಗಿದುಕೊಂಡಿರುತ್ತದೆ.

ಇವರೆಲ್ಲರಿಗಿಂತ ಹಟಮಾರಿ ನನ್ನ ತಮ್ಮ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಬೈಕುಲ್ಲಾದ ಮಾರ್ಕೆಟ್ ಹತ್ತಿರ ಅವನದೊಂದು ಹೋಟೆಲ್ ಇದೆ. ಗಲ್ಲಾದ ಹಿಂದೆ ಕುರ್ಚಿ ಇದ್ದರೂ ಕೂರುವವನಲ್ಲ. ನಿಂತೇ ದುಡ್ಡು ತೆಗೆದುಕೊಳ್ಳುತ್ತಾನೆ, ನಿಂತೇ ಸಪ್ಲೈಯರ್‌ಗಳಿಗೆ ಬೈಯುತ್ತಾನೆ. ಗಲ್ಲಾದ ಮೇಲೆ ದೇವರ ಫೋಟೊ ಇರುವುದರಿಂದ ಅಲ್ಲಿ ಚಪ್ಪಲಿ ಹಾಕುವುದಿಲ್ಲ. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷಗಳಾಗಿವೆ. ‘ಅಕ್ಕ, ಈಗೀಗ ಪಾದ ಮರಗಟ್ಟಿದ ಹಾಗೆ ಆಗ್ತದೆ. ಹತ್ತಿಯ ಮೇಲೆ ನಿಂತ ಹಾಗೆ’ ಎಂದು ಅವನೇ ಒಂದು ದಿನ ಫೋನಿನಲ್ಲಿ ಹೇಳಿದ. ಸಕ್ಕರೆ ಇರುವವರ ಪಾದ ಮರಗಟ್ಟಿತೆಂದರೆ ಅಲ್ಲಿ ಆಗುವ ಗಾಯ ಅವರಿಗೆ ಗೊತ್ತೇ ಆಗುವುದಿಲ್ಲ ಎಂದು ಕ್ಲಾಸಿನಲ್ಲಿ ಮೊದಲ ತಿಂಗಳೇ ಕಲಿಸಿದ್ದರು. ಅಂಥ ಕಾಲನ್ನು ಒತ್ತುವ ಹಾಗಿಲ್ಲ. ದಿನವೂ ಅಂಗಾಲು ನೋಡಬೇಕು, ಡಾಕ್ಟರಿಗೆ ತೋರಿಸಬೇಕು. ಆ ಭಾನುವಾರವೇ ಅವನ ಮನೆಗೆ ಹೋದೆ.

‘ಕಾಲು ತೋರಿಸು.’

‘ಎಂತದೂ ಇಲ್ಲ ಅಕ್ಕ. ನೀನು ಟೀ ಕುಡಿ.’

‘ಒತ್ತುದಿಲ್ಲ ಮಾರಾಯ. ಬರೀ ನೋಡ್ತೇನೆ.’

‘ನೋಡ್ಲಿಕ್ಕೆ ಅಂತ ಕೂತವಳು ನೀನು ಮುಟ್ಟದೆ ಇರ್ತೀಯಾ? ಅಕ್ಕನ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳುದಾ? ಅಮ್ಮ ಹೋದ ಮೇಲೆ ನನಗೆ ನೀನೇ ಅಲ್ವಾ ಅಮ್ಮ? ಅದೊಂದು ಕೇಳ್ಬೇಡ.’

ಹೇಳಿದವನು ಕಾಲು ಮಡಚಿ ಪಂಚೆಯೊಳಗೆ ಸೇರಿಸಿಕೊಂಡು, ಕೈ ಚಾಚಿ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಊರಿನವರ ಕಾಲೆಲ್ಲ ನೋಡಿದವಳಿಗೆ ಸ್ವಂತ ತಮ್ಮನ ಅಂಗಾಲು ನೋಡಲು ಆಗಲಿಲ್ಲ. ಡಾಕ್ಟರಿಗಾದರೂ ತೋರಿಸು ಎಂದೆ. ತೋರಿಸುತ್ತೇನೆ ಎಂದ. ಮತ್ತೆ ಕೇಳಿದಾಗಲೆಲ್ಲ ಶುಗರ್ ಕಂಟ್ರೋಲಿನಲ್ಲಿದೆ, ಮಾತ್ರೆ ಒಂದೂ ಬಿಟ್ಟಿಲ್ಲ ಎನ್ನುತ್ತಿದ್ದ. ನಾನು ಕಾಲಿನ ವಿಷಯ ಕೇಳಿದರೆ ಅವನು ಮಾತ್ರೆಯ ವಿಷಯ ಹೇಳುತ್ತಿದ್ದ. ಸಾಕಾಗಿ ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಹಾಗೆಂದು ಅವನಿಗೆ ನನ್ನ ಕೆಲಸದ ಬಗ್ಗೆ ತಾತ್ಸಾರ ಇರಲಿಲ್ಲ. ಅವನಷ್ಟು ಹೆಮ್ಮೆ ಪಟ್ಟವರು ಬೇರೆ ಇಲ್ಲ. ನಾನು ಪಾದ ಚಿಕಿತ್ಸೆಯ ಬಗ್ಗೆ ಜನರಿಗೆ ತಿಳಿಸಿ ಹೇಳುವ ಸಭೆಗಳನ್ನು ಶುರು ಮಾಡಿದಾಗ ಅದರ ಓಡಾಟವೆಲ್ಲ ಅವನದೇ. ಹಾಲ್ ಗೊತ್ತು ಮಾಡುವುದು, ಕುರ್ಚಿ ತರಿಸುವುದು, ಬ್ಯಾನರ್ ಬರೆಸುವುದು, ಕೊನೆಗೆ ತನ್ನ ಹೋಟೆಲಿನಿಂದ ಉಪ್ಪಿಟ್ಟು, ಕಾಫಿ ತರುವುದು. ಈ ಬ್ಯಾನರಿನಿಂದಲೇ ನನ್ನ ತಲೆನೋವು ಹೆಚ್ಚಾಯಿತು.

ನಾನು ಬರೆದುಕೊಟ್ಟದ್ದು ‘ರಿಫ್ಲೆಕ್ಸಾಲಜಿ: ಒಂದು ಪೂರಕ ಚಿಕಿತ್ಸೆ’ ಎಂದು. ಗೋರೆಗಾಂವ್‌ನ ಹಾಲಿಗೆ ಹೋಗಿ ನೋಡಿದರೆ ವೇದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕಾಂಪ್ಲಿಮೆಂಟರಿ ಥೆರಪಿ’ ಎಂದಿದೆ.

‘ಇದ್ಯಾಕೆ ಬದಲಿಸಿದೆ?’

‘ಪೂರಕ ಅಂದ್ರೆ ಯಾರಿಗೆ ಗೊತ್ತಾಗ್ತದೆ ಅಕ್ಕ? ಪ್ರಾಣಾಯಾಮದ ಪೂರಕ, ರೇಚಕ ಅಂತ ತಿಳ್ಕೊಳ್ತಾರೆ. ಇದಾದ್ರೆ ಎಲ್ಲರಿಗೂ ಗೊತ್ತಿರುವ ಶಬ್ದ.’

ಗೊತ್ತಿರುವ ಶಬ್ದವೇ ಹೌದು. ಅದೇ ತೊಂದರೆ. ಇಂಗ್ಲಿಷಿನಲ್ಲಿ ಹೀಗೆ ಕೇಳಿಸುವ ಶಬ್ದ ಎರಡಿವೆ, ಬರೆಯುವಾಗ ನಡುವೆ ಒಂದಕ್ಷರದ ವ್ಯತ್ಯಾಸ. ಒಂದು ಜೊತೆಗೂಡಿ ಪೂರ್ತಿ ಮಾಡುವಂಥದ್ದು, ಇನ್ನೊಂದು ಪುಕ್ಕಟೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಎದುರು ಕೂತವರಲ್ಲಿ ಮುಕ್ಕಾಲು ಪಾಲು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು. ಅವರು ಬದುಕಿಡೀ ಕೇಳಿದ ಕಾಂಪ್ಲಿಮೆಂಟರಿ ಎಂದರೆ ರೂಮಿನ ಜೊತೆ ಬರುವ ತಿಂಡಿ. ನಾನು ಮಾತು ಶುರು ಮಾಡುವ ಮುಂಚೆಯೇ ಮುಂದಿನ ಸಾಲಿನವರು ಸಾಲಾಗಿ ಚಪ್ಪಲಿ ಬಿಟ್ಟು, ಸಾಕ್ಸ್ ಕಳಚಿ, ಕಾಲು ಮುಂದೆ ಚಾಚಿ ತಯಾರಾಗಿ ಕೂತಿದ್ದರು. ಅದುವರೆಗೆ ಪಾಪ ಹತ್ತುತ್ತದೆ ಎನ್ನುತ್ತಿದ್ದವರಿಗೆ ಪುಕ್ಕಟೆ ಎಂದ ಕೂಡಲೇ ಪಾಪದ ನೆನಪು ಹೋಗಿತ್ತು.

ಕಾಂಪ್ಲಿಮೆಂಟರಿ ಅಂದರೆ ಹಾಗಲ್ಲ ಎಂದು ಹತ್ತು ನಿಮಿಷ ಒದ್ದಾಡಿದೆ. ಕೊನೆಗೆ ಅವರ ಭಾಷೆಯಲ್ಲೇ ಹೇಳೋಣ ಎಂದುಕೊಂಡೆ. ‘ನೋಡಿ, ಡಾಕ್ಟರು ಕೊಟ್ಟ ಮಾತ್ರೆ ಇಡ್ಲಿ ಇದ್ದ ಹಾಗೆ. ನಾನು ಮಾಡುವುದು ಚಟ್ನಿ. ಇಡ್ಲಿಯ ಜೊತೆ ಚಟ್ನಿ ಇದ್ದರೆ ಚೆಂದ. ಆದರೆ ಇಡ್ಲಿ ಬಿಟ್ಟು ಬರೀ ಚಟ್ನಿ ತಿಂದು ಬದುಕಲಿಕ್ಕೆ ಆಗ್ತದಾ?’

ಕೆಲವರು ತಲೆಯಾಡಿಸಿದರು. ಅರ್ಥವಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಎರಡನೆಯ ಸಾಲಿನಿಂದ ಒಬ್ಬ ಹಿರಿಯ ಹೋಟೆಲ್ ಮಾಲಕರು ಎದ್ದು ನಿಂತರು. ‘ಹಾಗಾದ್ರೆ ಫ್ರೀ ಅಂತಲೇ ಆಯ್ತಲ್ಲ ಅಮ್ಮ! ಚಟ್ನಿಗೆ ಯಾರು ದುಡ್ಡು ತಗೊಳ್ತಾರೆ?’

ಹಾಲ್ ಇಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಗಿಲ ಬಳಿ ನಿಂತಿದ್ದ ನನ್ನ ತಮ್ಮ. ನನಗೂ ನಗು ಬಂತು ಎನ್ನಿ, ಆದರೆ ಮನೆಗೆ ಬಂದ ಮೇಲೆ ಬ್ಯಾನರನ್ನು ಮಡಚಿ ಅಟ್ಟಕ್ಕೆ ಎಸೆದೆ.

ಆ ಸಭೆಗಳಲ್ಲಿ ನಾನು ಮಾತಾಡುವ ಕ್ರಮ ಹೀಗಿತ್ತು. ಮೊದಲು ಪಾದದ ನಕ್ಷೆ: ಹೆಬ್ಬೆರಳಿನ ತುದಿಗೆ ತಲೆ, ಅಂಗಾಲಿನ ನಡುವೆ ಹೊಟ್ಟೆ, ಹಿಮ್ಮಡಿಯ ಕಡೆ ಸೊಂಟ, ಹೀಗೆ ಈ ವಿದ್ಯೆಯವರು ಹೇಳುವುದು. ಆಮೇಲೆ ಇದರಿಂದ ಆಗುವ ಉಪಯೋಗ. ಯಾರು ಇದನ್ನು ಮಾಡಿಸಿಕೊಳ್ಳಬಾರದು ಎಂಬುದು ಕಟ್ಟಕಡೆಗೆ. ಒಳ್ಳೆಯದನ್ನು ಮೊದಲು ಹೇಳಿದರೆ ಜನ ಕೂರುತ್ತಾರೆ ಎಂದು ಕ್ಲಾಸಿನಲ್ಲಿ ಹಾಗೆ ಕಲಿಸಿದ್ದರು. ನಾನೂ ಹಾಗೆಯೇ ಮಾಡಿದೆ. ಆದರೆ ಕಡೆಯ ಭಾಗಕ್ಕೆ ಬರುವ ಹೊತ್ತಿಗೆ ಹಿಂದಿನಿಂದ ಉಪ್ಪಿಟ್ಟಿನ ಪರಿಮಳ ಬರುತ್ತಿತ್ತು. ಕುರ್ಚಿಗಳು ಸದ್ದು ಮಾಡುತ್ತಿದ್ದವು. ‘ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ದಯವಿಟ್ಟು ಕೇಳಿ’ ಎಂದು ನಾನು ಮೈಕಿನಲ್ಲಿ ಕೂಗುತ್ತಿದ್ದೆ. ಕೇಳಬೇಕಾಗಿದ್ದವನು ಆಗ ಹಿಂದಿನ ಕೋಣೆಯಲ್ಲಿ ಕಾಫಿಗೆ ಸಕ್ಕರೆ ಸಾಕಾ ಎಂದು ನೋಡುತ್ತಿದ್ದ. ಪ್ರತಿ ಸಭೆಯಲ್ಲೂ ಹಾಗೆಯೇ. ಅಷ್ಟು ಸಭೆಗಳಿಗೆ ಬಂದವನು ಆ ಭಾಗವನ್ನು ಒಮ್ಮೆಯೂ ಕೇಳಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಅವನ ಮಗಳು ಫೋನ್ ಮಾಡಿದಳು. ಕಾಲೇಜಿಗೆ ಹೋಗುವವಳು, ಹಿಂದಿ ಬೆರೆಸಿ ಕನ್ನಡ ತಡವರಿಸಿ ಮಾತಾಡುತ್ತಾಳೆ.

‘ಅತ್ತೆ, ಪಪ್ಪಂದು ಪೈರ್... ಕಾಲು. ಬಹುತ್ ಸ್ಮೆಲ್ ಬರ್ತಾ ಇದೆ. ಬಾತ್‌ರೂಮಲ್ಲಿ ಬ್ಲಡ್ ಥಾ. ಮಮ್ಮಿಗೆ ಚಕ್ಕರ್ ಬಂತು. ಪಪ್ಪ ಹೋಟೆಲಿಗೆ ಹೋದ್ರು. ಹೇಳ್ಬೇಡ ಅಂದ್ರು ನಿಮಗೆ.’

ದಾದರಿನಲ್ಲಿ ಗಾಡಿ ಬದಲಿಸಿ ಬೈಕುಲ್ಲಾ ತಲುಪುವವರೆಗೆ ನಾನು ಅವನಿಗೆ ಮನಸ್ಸಿನಲ್ಲೇ ಬೈದದ್ದಕ್ಕೆ ಲೆಕ್ಕವಿಲ್ಲ. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಗಲಾಟೆ. ಅವನು ಗಲ್ಲಾದ ಹಿಂದೆ ಎಂದಿನಂತೆ ನಿಂತಿದ್ದ. ನನ್ನನ್ನು ಕಂಡು ಮುಖ ಅರಳಿಸಿದ. ‘ಬಾ ಅಕ್ಕ, ನೀರುದೋಸೆ ಬಿಸಿ ಉಂಟು’ ಎಂದ. ನಾನು ಗಲ್ಲಾದ ಪಕ್ಕದ ಹಲಗೆ ಎತ್ತಿ ಒಳಗೆ ಹೋಗಿ ಬಗ್ಗಿ ನೋಡಿದೆ.

ಅವನು ಬರಿಗಾಲಿನಲ್ಲಿ ನಿಂತದ್ದು ಒಂದು ಹಸಿರು ಪ್ಲಾಸ್ಟಿಕ್ ಚಾಪೆಯ ಮೇಲೆ. ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಮಾರುವಂಥದ್ದು, ಮೈಯೆಲ್ಲ ಮೊನಚು ಮೊನಚಾದ ಮುಳ್ಳು. ಎಡಗಾಲಿನ ಹತ್ತಿರ ಆ ಮುಳ್ಳುಗಳ ಬಣ್ಣ ಬದಲಾಗಿತ್ತು.

‘ಇದೆಂತ?’

‘ನಿನ್ನದೇ ಅಲ್ವಾ ಅಕ್ಕ? ಪಾದದಲ್ಲಿ ಎಲ್ಲ ಪಾಯಿಂಟ್ ಉಂಟು, ಒತ್ತಬೇಕು ಅಂತ ನೀನೇ ಹೇಳಿದ್ದಲ್ವಾ? ನಿನ್ನ ಕೈಯಲ್ಲಿ ಒತ್ತಿಸಿಕೊಳ್ಳುವ ಹಾಗಿಲ್ಲ. ಅದಕ್ಕೆ ಇದನ್ನು ತಂದೆ. ನಾಲ್ಕು ತಿಂಗಳಾಯ್ತು. ಮೊದಲು ಸ್ವಲ್ಪ ಚುಚ್ಚುತ್ತಿತ್ತು, ಈಗ ಎಂತದೂ ಗೊತ್ತಾಗುದಿಲ್ಲ. ಗುಣ ಆಗ್ತಾ ಉಂಟು ಅಂತ ಕಾಣ್ತದೆ.’ ನನ್ನ ಮುಖ ನೋಡಿ ಅವಸರದಲ್ಲಿ ಸೇರಿಸಿದ: ‘ಮಾತ್ರೆ ಬಿಟ್ಟಿಲ್ಲ ಅಕ್ಕ. ನೀನು ಹೇಳಿದ ಹಾಗೆಯೇ. ಇಡ್ಲಿಯೂ ಉಂಟು, ಚಟ್ನಿಯೂ ಉಂಟು.’

ಅಷ್ಟು ಜನ ಗಿರಾಕಿಗಳ ಎದುರು ನಾನು ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ. ಕತ್ತೆ ಎಂದದ್ದು ನೆನಪಿದೆ. ಚಹಾದ ಲೋಟ ಹಿಡಿದವರು ಹಾಗೆಯೇ ನಿಂತರು. ಅವನನ್ನು ಟ್ಯಾಕ್ಸಿಗೆ ಹತ್ತಿಸುವಾಗಲೂ ಅವನು, ‘ಕಾಲು ಹಿಡೀಬೇಡ ಅಕ್ಕ, ಕೈ ಹಿಡಿ, ಕೈ ಹಿಡಿ’ ಎನ್ನುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಅವನ ಅಂಗಾಲನ್ನು ನಾನು ಮೊದಲ ಸಲ ನೋಡಿದೆ. ಕಿರುಬೆರಳಿನ ಕೆಳಗೆ ನಾಲ್ಕಾಣೆಯಷ್ಟು ಅಗಲದ ತೂತು, ಸುತ್ತ ಕಪ್ಪಗಾದ ಚರ್ಮ. ಡಾಕ್ಟರು ಮರಾಠಿ ಹೆಂಗಸು, ನನ್ನ ಮಗನ ವಯಸ್ಸಿನವಳು. ಪಾದ ತಿರುಗಿಸಿ ನೋಡಿ, ‘ಕೀಲ್ ಪೆ ಖಡೇ ಥೇ ಕ್ಯಾ?’ ಎಂದು ಕೇಳಿದಳು. ಮೊಳೆಯ ಮೇಲೆ ನಿಂತಿದ್ದರಾ ಎಂದು. ಚಾಪೆಯ ವಿಷಯ ಹೇಳಿದೆ. ಯಾರು ಹೇಳಿದರು ಇದನ್ನು ಮಾಡಲು ಎಂದು ಗದರಿದಳು. ತಮ್ಮ ನನ್ನ ಕಡೆ ನೋಡಿದ. ನಾನೇ ಎಂದು ನಾನು ಹೇಳಿದೆ. ಅಲ್ಲ, ನಾನು ಹೇಳಿದ್ದು ಹಾಗಲ್ಲ, ಮರಗಟ್ಟಿದ ಪಾದಕ್ಕೆ ಮಾಡಬಾರದು ಎಂದೇ ನಾನು ಪ್ರತಿ ಸಭೆಯಲ್ಲಿ ಹೇಳುತ್ತಿದ್ದೆ ಎಂದು ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಸಮಯವೂ ಇರಲಿಲ್ಲ.

ಎರಡು ಬೆರಳು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ನನಗೆ ಅವನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು. ಈಗ ಸಭೆಗಳಲ್ಲಿ ನಮಸ್ಕಾರ ಎಂದ ಕೂಡಲೇ ಯಾರು ಮಾಡಿಸಿಕೊಳ್ಳಬಾರದು ಎಂಬುದನ್ನೇ ಮೊದಲು ಹೇಳುತ್ತೇನೆ. ಸಕ್ಕರೆ ಇರುವವರು ಮುಳ್ಳಿನ ಚಾಪೆ ತುಳಿಯಬೇಡಿ, ಬರಿಗಾಲಿನಲ್ಲಿ ನಿಲ್ಲಬೇಡಿ, ಗಲ್ಲಾದಲ್ಲಾದರೂ ಸರಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ ಎನ್ನುತ್ತೇನೆ. ದಿನವೂ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಇಟ್ಟು ನೋಡಿ ಎನ್ನುತ್ತೇನೆ. ಶುರುವಿನಲ್ಲೇ ಇಷ್ಟು ಹೆದರಿಸಿದರೆ ಜನ ಬರುವುದಿಲ್ಲ ಎಂದು ಸಭೆ ನಡೆಸುವವರು ಗೊಣಗುತ್ತಾರೆ. ಗೊಣಗಲಿ.

ಮನೆಗೆ ಬಂದ ಮೇಲೆ ಡ್ರೆಸ್ಸಿಂಗ್ ಮಾಡಲು ಮೊದಲ ವಾರ ಒಬ್ಬ ನರ್ಸ್ ಬಂದಳು. ಆಮೇಲೆ ಯಾರು? ಅವನ ಹೆಂಡತಿಗೆ ಗಾಯ ನೋಡಿದರೆ ತಲೆ ಸುತ್ತುತ್ತದೆ. ಮಗಳಿಗೆ ಬೆಳಿಗ್ಗೆ ಕಾಲೇಜು. ನಾನು ಮಾಡುತ್ತೇನೆ ಎಂದೆ. ಎರಡು ದಿನ ವಾದ ನಡೆಯಿತು. ಇದು ಪಾದ ಅಲ್ಲ, ಗಾಯ. ಗಾಯ ಮುಟ್ಟಿದರೆ ಪಾಪ ಇಲ್ಲ ಎಂದೆ. ಕೊನೆಗೆ ಅವನು ಒಂದು ಷರತ್ತು ಹಾಕಿದ.

‘ಮುಟ್ಟುವ ಮೊದಲು ಹೇಳು. ನಾನು ನಿನಗೆ ಕೈ ಮುಗಿಯುತ್ತೇನೆ. ಆಮೇಲೆ ಮುಟ್ಟು.’

ಒಪ್ಪಿದೆ. ಕೈ ತೊಳೆದು, ಗ್ಲೌಸ್ ಹಾಕಿ, ಮಂಚದ ತುದಿಯಲ್ಲಿ ಕೂತೆ. ದಿಂಬಿನ ಮೇಲೆ ಅವನ ಎಡಗಾಲು ಇತ್ತು. ಅವನು ಮಲಗಿದಲ್ಲೇ ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಚಿಕ್ಕಂದಿನಲ್ಲಿ ಕಹಿ ಮದ್ದು ಕುಡಿಸುವಾಗ ಹೀಗೆಯೇ ಮುಚ್ಚುತ್ತಿದ್ದ. ಬ್ಯಾಂಡೇಜ್ ಬಿಚ್ಚಿದೆ. ಹಿಮ್ಮಡಿಯನ್ನು ಎಡಗೈಯಲ್ಲಿ ಹಿಡಿದೆ. ಉಳಿದ ಮೂರು ಬೆರಳುಗಳ ಮೇಲೆ ಬಲಗೈ ಇಟ್ಟು, ಅಮ್ಮನ ಪಾದವನ್ನು ಆ ಮಲಯಾಳಿ ನರ್ಸ್ ಹಿಡಿಯುತ್ತಿದ್ದಂತೆ, ಒತ್ತದೆ ಸುಮ್ಮನೆ ಹಿಡಿದುಕೊಂಡೆ. ಎಷ್ಟು ಹೊತ್ತು ಹಿಡಿದಿದ್ದೆನೋ.

ಅವನು ಕಣ್ಣು ಮುಚ್ಚಿಯೇ ಕೇಳಿದ. ‘ಎಂತ ಅಕ್ಕ ಇಷ್ಟು ತಡ? ಮುಟ್ಟುವಾಗ ಹೇಳ್ತೀಯಲ್ಲ?’

‘ಹೇಳ್ತೇನೆ’ ಎಂದೆ.